ನೀರೊಲ್ಲದ ಗಿಡ

ನೀರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತೊಂದು ವರ್ಷ ಹನ್ನೊಂದು ಬೀದಿಗಳಿಗೆ ನೀರು ಬಿಟ್ಟವನಿಗೆ ಆ ಬೀದಿಗಳ ಹೆಂಗಸರು ಕೊಟ್ಟ ಬಿರುದು. ನಸುಕಿನಲ್ಲೆದ್ದು, ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿಕೊಂಡು, ಬೀದಿ ತಿರುವಿನ ಗುಂಡಿಗಳ ಮುಚ್ಚಳ ಎತ್ತಿ ವಾಲ್ವ್ ತಿರುಗಿಸುವುದು ಅವನ ಕೆಲಸವಾಗಿತ್ತು. ನೀರು ಬಂದ ದಿನ ಅವನನ್ನು ಹೊಗಳುವವರೇ ಎಲ್ಲ, ಬಾರದ ದಿನ ಅವನ ಏಳು ತಲೆಮಾರಿಗೂ ಬೈಗುಳ. ಎರಡನ್ನೂ ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ. ನಿವೃತ್ತಿಯಾಗಿ ಎರಡು ವರ್ಷ ಕಳೆದರೂ ನಾಲ್ಕೂವರೆಗೆ ಕಣ್ಣು ತಾನಾಗಿ ತೆರೆದುಕೊಳ್ಳುತ್ತಿತ್ತು. ಕೈ ಏನನ್ನಾದರೂ ತಿರುಗಿಸಬೇಕೆಂದು ತವಕಿಸುತ್ತಿತ್ತು. ಬೇರೇನೂ ಸಿಗದೆ ಹಿತ್ತಲಿನ ನಲ್ಲಿಯನ್ನೇ ತಿರುಗಿಸುತ್ತಿದ್ದ. ಗುಲಾಬಿಗೆ ಹಾಕಿದ, ದಾಳಿಂಬೆಗೆ ಹಾಕಿದ, ಗೋಡೆಯ ಬಿರುಕಿನಲ್ಲಿ ತಾನಾಗಿ ಹುಟ್ಟಿದ ಕಳೆಗೂ "ಪಾಪ, ಅದೂ ಜೀವವೇ" ಎಂದು ಒಂದು ಚೊಂಬು ಸುರಿದ.

ಆ ಮನೆಗೆ ಮಗಳು ಎರಡು ಸೂಟ್‌ಕೇಸಿನೊಂದಿಗೆ ವಾಪಸು ಬಂದು ನಾಲ್ಕು ತಿಂಗಳಾಗಿತ್ತು. ಮದುವೆಯಾಗಿ ಆರು ವರ್ಷ ಇದ್ದ ಮನೆಯಿಂದ ಒಂದು ಮಧ್ಯಾಹ್ನ ಬಂದವಳು, "ಇನ್ನು ಇಲ್ಲೇ ಇರ್ತೀನಪ್ಪಾ" ಎಂದಷ್ಟೇ ಹೇಳಿ ತನ್ನ ಹಳೆಯ ಕೋಣೆಯ ಕಿಟಕಿ ತೆರೆದಿದ್ದಳು. ಯಾಕೆ, ಏನು, ಎತ್ತ ಎಂದು ಹೇಳಲಿಲ್ಲ. ಕೇಳಲು ಅವನಿಗೆ ಬಾಯಿ ಬರಲಿಲ್ಲ. ತಾಯಿಯಿಲ್ಲದ ಮಗು, ಒಂಬತ್ತನೆಯ ವಯಸ್ಸಿನಿಂದ ಜಡೆ ಹೆಣೆದು ಬೆಳೆಸಿದ್ದ. ಜಡೆ ಸೊಟ್ಟಗಾದರೂ ಅವಳು ಒಂದು ದಿನವೂ ದೂರಿದವಳಲ್ಲ. ಈಗ ಕೇಳಬೇಕಾದ್ದನ್ನು ಕೇಳಲಾಗದೆ ಅವನು ಬೇರೆಯದನ್ನೆಲ್ಲ ಕೇಳುತ್ತಿದ್ದ. ಊಟ ಆಯ್ತಾ? ತಲೆನೋವಾ? ಫ್ಯಾನ್ ಜೋರಾಯ್ತಾ? ಇನ್ನೊಂದು ದಿಂಬು ಬೇಕಾ? ಅವಳು ಎಲ್ಲಕ್ಕೂ "ಸಾಕಪ್ಪಾ", "ಇಲ್ಲಪ್ಪಾ" ಎಂದು ಒಂದೇ ಮಾತಿನಲ್ಲಿ ಮುಗಿಸಿ, ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಗೆ ಬರುತ್ತಿದ್ದಳು. ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವಳ ಕೆಲಸ. "ನನ್ನ ಮಗಳು ಊರಿಗೆಲ್ಲ ಹಲ್ಲು ಕೊಡ್ತಾಳೆ, ಅವಳು ಮಾತ್ರ ಹಲ್ಲು ಬಿಡೋದಿಲ್ಲ" ಎಂದು ಅವನು ಒಮ್ಮೆ ತಮಾಷೆ ಮಾಡಿದ್ದ. ಅವಳು ನಗಲಿಲ್ಲ. ಆಮೇಲೆ ಅವನೂ ಆ ತಮಾಷೆ ಬಿಟ್ಟ.

ಅಂಥವಳು ಒಂದು ಶನಿವಾರ ಕುಂಡವೊಂದನ್ನು ಎದೆಗವಚಿಕೊಂಡು ಬಸ್ಸಿನಿಂದ ಇಳಿದಳು. ಮೊಣಕಾಲೆತ್ತರದ ಪೊದೆ. ಉದ್ದುದ್ದ ಸಪೂರ ಎಲೆ, ಎಣ್ಣೆ ಸವರಿದಂತೆ ಹೊಳಪು. ಬಣ್ಣವೋ ನೇರಳೆ, ಬಿಸಿಲಿಗೆ ಹಿಡಿದರೆ ಕೆಂಪು, ನೆರಳಿಗೆ ತಂದರೆ ಹೆಚ್ಚುಕಡಿಮೆ ಕಪ್ಪು.

"ಇದೇನೇ, ಬದನೆಕಾಯಿ ಸಿಪ್ಪೆ ಸುಲಿದು ಅಂಟಿಸಿದ ಹಾಗಿದೆ!" ಎಂದ ನೀರಪ್ಪ.

"ಚೆನ್ನಾಗಿದೆ ಅಲ್ವಾ?" ಎಂದಳು ಅವಳು. ನಾಲ್ಕು ತಿಂಗಳಲ್ಲಿ ಅವಳಾಗಿ ಕೇಳಿದ ಮೊದಲ ಪ್ರಶ್ನೆ ಅದು. "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಎರಡು ಸಲ ಹೇಳಿದ.

ಹಿತ್ತಲಿನ ಪಶ್ಚಿಮದ ಮೂಲೆಯಲ್ಲಿ, ದಿನವಿಡೀ ಬಿಸಿಲು ಬೀಳುವಲ್ಲಿ ಅವಳೇ ಗುಂಡಿ ತೋಡಿ ನೆಟ್ಟಳು. ಕೈ ತೊಳೆದುಕೊಂಡು ಬಂದು ತಂದೆಯ ಎದುರು ನಿಂತಳು.

"ಅಪ್ಪಾ, ಒಂದು ಮಾತು. ಇದಕ್ಕೆ ನೀನು ನೀರು ಹಾಕಬಾರದು."

"ಹಾಕಬಾರದು ಅಂದ್ರೆ?"

"ಹಾಕಬಾರದು ಅಂದ್ರೆ ಹಾಕಬಾರದು. ಭಾನುವಾರಕ್ಕೊಂದು ಸಲ ನಾನೇ ಹಾಕ್ತೀನಿ. ಬೇರು ಹಿಡಿದ ಮೇಲೆ ಅದೂ ಬೇಡವಂತೆ. ಒಣ ನೆಲದ ಗಿಡ ಇದು. ನರ್ಸರಿಯಮ್ಮ ಹತ್ತು ಸಲ ಹೇಳಿ ಕಳಿಸಿದ್ದಾರೆ, ಮುದ್ದು ಮಾಡಬೇಡಿ ಅಂತ."

"ಆಯ್ತು ಬಿಡಮ್ಮ. ನಿನ್ನ ಗಿಡ, ನಿನ್ನಿಷ್ಟ."

ಒಂದು ವಾರ ಅವನು ಮಾತಿಗೆ ತಪ್ಪಲಿಲ್ಲ. ಬೇರೆ ಗಿಡಗಳಿಗೆ ನೀರು ಹಾಕುವಾಗ ಆ ಮೂಲೆಗೆ ಬೆನ್ನು ತಿರುಗಿಸಿಕೊಂಡೇ ನಿಂತ. ಎರಡನೆಯ ವಾರ ಬಿಸಿಗಾಳಿ ಎದ್ದಿತು. ಮಧ್ಯಾಹ್ನ ಹೋಗಿ ನೋಡಿದರೆ ಎಲೆಗಳು ಒಂದಿಷ್ಟು ಜೋತುಬಿದ್ದಿದ್ದವು. ಮಣ್ಣು ಮುಟ್ಟಿದ, ಸುಡುತ್ತಿತ್ತು. ಹನ್ನೊಂದು ಬೀದಿಗಳಲ್ಲಿ ಒಂದು ಮನೆಗೂ ನೀರು ತಪ್ಪಿಸದ ಮನುಷ್ಯ, ತನ್ನ ಹಿತ್ತಲಲ್ಲೇ ಒಂದು ಜೀವವನ್ನು ಬಾಯಾರಿಸಿ ಕೂರುವುದೇ? ಒಂದು ಚೊಂಬು ಹಾಕಿದ. ಒಂದು ಚೊಂಬಿನಿಂದ ಏನು ಮುಳುಗಿಹೋಗುತ್ತದೆ? ಮರುದಿನ ನಸುಕಿನಲ್ಲಿ ಇನ್ನೊಂದು. ಅದರ ಮರುದಿನ ಪೈಪನ್ನೇ ಅತ್ತ ತಿರುಗಿಸಿದ. ಮಗಳು ಏಳುವಷ್ಟರಲ್ಲಿ ಮೇಲ್ಮಣ್ಣು ಆರಿರುತ್ತಿತ್ತು. ಆರದಿದ್ದರೆ ಮೇಲೊಂದು ಹಿಡಿ ಒಣಮಣ್ಣು ಉದುರಿಸುವ ಕಳ್ಳಬುದ್ಧಿಯೂ ಅವನಿಗೆ ಬಂತು. ಚಿಕ್ಕಂದಿನಲ್ಲಿ ಅವಳಿಗೆ ಹಲ್ಲುನೋವಿದ್ದಾಗ ಕದ್ದು ಸಕ್ಕರೆ ಕೊಟ್ಟಿದ್ದ ಅಪ್ಪ ಅವನು. ಹಳೆಯ ಚಾಳಿ.

ಮೊದಮೊದಲು ಗಿಡ ಮೆತ್ತಗೆ ಚಿಗುರಿತು. "ನೋಡಿದೆಯಾ!" ಎಂದು ಅವನು ಮನಸ್ಸಿನಲ್ಲೇ ನರ್ಸರಿಯಮ್ಮನಿಗೆ ಸವಾಲು ಹಾಕಿದ. ಆದರೆ ಮಗಳ ಕಣ್ಣು ಬೇರೆ. ಹಲ್ಲಿನ ಬಿಳುಪಿನಲ್ಲೇ ಹದಿನಾರು ಬಗೆ ಗುರುತಿಸುವ ಕಣ್ಣು ಅದು. ನಾಲ್ಕನೆಯ ವಾರ ಅವಳು ಎಲೆಯೊಂದನ್ನು ಬೆರಳ ಮೇಲಿಟ್ಟುಕೊಂಡು, "ಅಪ್ಪಾ, ಬಣ್ಣ ಇಳೀತಿದೆ" ಎಂದಳು. ಅವನಿಗೆ ಏನೂ ಕಾಣಲಿಲ್ಲ. ವಾರ ಕಳೆಯುವುದರಲ್ಲಿ ಅವನಿಗೂ ಕಂಡಿತು. ಎಲೆಗಳ ಹೊಳಪು ಸತ್ತಿತ್ತು. ನೇರಳೆ ಹೋಗಿ ಕೆಸರಿನ ಬಣ್ಣ ಬಂದಿತ್ತು. ಕೆಳಗಿನವು ಹಳದಿಗೆ ತಿರುಗಿ, ಮುಟ್ಟಿದರೆ ಕಳಚುತ್ತಿದ್ದವು. ಬುಡದಲ್ಲಿ ಹಸಿರು ಪಾಚಿ.

ಮಗಳು ತನ್ನ ಭಾನುವಾರದ ನೀರನ್ನೂ ನಿಲ್ಲಿಸಿದಳು. ಗಿಡ ಮತ್ತೂ ಸೊರಗಿತು. ಅದು ಸೊರಗಿದ್ದು ಕಂಡು ನೀರಪ್ಪ ಇನ್ನೊಂದು ಚೊಂಬು ಹೆಚ್ಚಿಗೆ ಹಾಕಿದ.

ಒಂದು ಸಂಜೆ ಅವಳು ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಅವನು ಅವಳಿಗೆಂದು ಕಾಫಿ ಲೋಟ ಹಿಡಿದು ಹಿಂದೆ ಬಂದು ನಿಂತ. ಅವಳು ತಿರುಗದೆಯೇ ಹೇಳಿದಳು: "ಬಿಡಪ್ಪಾ. ನನ್ನ ಕೈಯೇ ಹಾಗೆ. ನಾನು ಮುಟ್ಟಿದ್ದು ಯಾವುದೂ ಉಳಿಯಲ್ಲ."

ದನಿಯಲ್ಲಿ ಅಳುವೇನೂ ಇರಲಿಲ್ಲ. ಬಸ್ಸು ತಪ್ಪಿತು ಎನ್ನುವಷ್ಟು ಸಲೀಸಾಗಿ ಹೇಳಿ ಎದ್ದು ಒಳಗೆ ಹೋದಳು. ಅವನ ಕೈಯಲ್ಲಿನ ಲೋಟ ಹಾಗೇ ಉಳಿಯಿತು. ಈಗಲೇ ಹೋಗಿ ಹೇಳಿಬಿಡಬೇಕೆಂದು ಬಾಗಿಲ ತನಕ ಹೋದ. ಅವಳು ಗೋಡೆಯ ಕಡೆ ಮುಖ ಮಾಡಿ ಬಟ್ಟೆ ಮಡಚುತ್ತಿದ್ದಳು. ತಿರುಗಿ ಬಂದ.

ಮರುದಿನ ನಾಲ್ಕೂವರೆಗೆ ಎದ್ದವನು ನಲ್ಲಿಯ ಹತ್ತಿರವೂ ಸುಳಿಯಲಿಲ್ಲ. ಮಗಳು ಕೆಲಸಕ್ಕೆ ಹೊರಟದ್ದೇ ತಡ, ನಾಲ್ಕು ಎಲೆಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನರ್ಸರಿಯ ದಾರಿ ಹಿಡಿದ.

ನರ್ಸರಿಯಮ್ಮ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕಾಲಿಗೆ ರಬ್ಬರ್ ಬೂಟು, ತುರುಬಿಗೆ ಸಿಕ್ಕಿಸಿದ ಪೆನ್ಸಿಲು. ಎಲೆ ನೋಡಿದಳು, ಮೂಸಿದಳು, ನೀರಪ್ಪನ ಮುಖ ನೋಡಿದಳು.

"ಯಾರು ಇದಕ್ಕೆ ದಿನಾ ನೀರು ಹಾಕ್ತಿರೋದು?"

"ನಮ್ಮ... ಪಕ್ಕದ ಮನೆಯವರು," ಎಂದ ನೀರಪ್ಪ. "ಒಳ್ಳೆಯವರೇ. ಸ್ವಲ್ಪ ಅತಿ."

"ಗೋಡೆ ಹಾರಿ ಬಂದು ಹಾಕ್ತಾರಾ?"

"ಗೋಡೆ ಗಿಡ್ಡ ಇದೆ."

"ಹೂಂ. ಹಾಗಾದ್ರೆ ಪಕ್ಕದ ಮನೆಯವರಿಗೆ ನಾನು ಹೇಳಿದೆ ಅಂತ ಹೇಳಿ," ಎಂದಳು ಅವಳು, ನಗು ತಡೆದುಕೊಂಡು. "ಬೇರು ಕೊಳೀತಿದೆ. ಈ ಜಾತಿ ಗಿಡಕ್ಕೆ ಬೇರಿಗೆ ಗಾಳಿ ಬೇಕು ಯಜಮಾನ್ರೇ. ನೀವು ನೀರು ತುಂಬಿದ್ರೆ ಅದು ಉಸಿರೆಲ್ಲಿಂದ ತಗೋಬೇಕು? ಇವತ್ತೇ ಕಿತ್ತು, ಕಪ್ಪಾದ ಬೇರೆಲ್ಲ ಕತ್ತರಿಸಿ, ನೀರು ನಿಲ್ಲದ ಹಾಗೆ ದಿಬ್ಬ ಮಾಡಿ ನೆಡಿ. ಹದಿನೈದು ದಿನ ಹನಿ ನೀರು ಬೇಡ. ಆಮೇಲೂ ವಾರಕ್ಕೊಂದು ಚೊಂಬು, ಅಷ್ಟೇ. ಬದುಕಿದ್ರೆ ಬದುಕುತ್ತೆ."

"ಇಲ್ಲದಿದ್ರೆ?"

"ಇಲ್ಲದಿದ್ರೆ ಇಲ್ಲ. ಆದ್ರೆ ನೆಟ್ಟವರಿಗೆ ಮೊದಲು ವಿಷಯ ಹೇಳಿ. ಅವರ ಗಿಡ ಅಲ್ವಾ?"

ಅವನು ಮನೆಗೆ ಹೋಗಲಿಲ್ಲ. ಸಂಜೆಯ ತನಕ ಕಾದರೆ ಮತ್ತೆ ಧೈರ್ಯ ಕೈಕೊಟ್ಟೀತೆಂದು ನೆಟ್ಟಗೆ ಮಗಳ ಲ್ಯಾಬಿಗೆ ನಡೆದ. ಅವಳ ಕೆಲಸದ ಜಾಗವನ್ನು ಅವನು ಒಂದು ಸಲವೂ ನೋಡಿರಲಿಲ್ಲ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಉದ್ದನೆಯ ಕೋಣೆ. ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು ಬಾಯಿ ತೆರೆದುಕೊಂಡು ಸಾಲಾಗಿ ಕುಳಿತಿದ್ದವು. ಎಲ್ಲ ಸೇರಿ ತನ್ನನ್ನೇ ನೋಡಿ ನಗುತ್ತಿವೆ ಎನಿಸಿತು ಅವನಿಗೆ. ಎಲ್ಲೋ ಉಜ್ಜುವ ಯಂತ್ರ ಕೀರಲಾಗಿ ಕೂಗುತ್ತಿತ್ತು. ಕಿಟಕಿಯ ಪಕ್ಕದ ಮೇಜಿನಲ್ಲಿ ಮಗಳು ಸಣ್ಣ ದೀಪದ ಉರಿಗೆ ಚಾಕುವಿನ ತುದಿ ಹಿಡಿದು, ಗುಲಾಬಿ ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಕೈ ಎಷ್ಟು ನಿಧಾನ, ಎಷ್ಟು ನಿಖರ! ಅವನು ಒಂದು ಗಳಿಗೆ ಕರೆಯುವುದನ್ನೇ ಮರೆತ.

ಅವಳು ತಲೆಯೆತ್ತಿದಳು. "ಅಪ್ಪಾ! ಏನಾಯ್ತು? ಮೈ ಹುಷಾರಿಲ್ವಾ?"

"ನನಗೇನಾಗುತ್ತೆ, ಗುಂಡುಕಲ್ಲಿನ ಹಾಗಿದ್ದೀನಿ. ಗಿಡದ ವಿಷಯ."

"ಹೋಯ್ತಾ?"

"ಇಲ್ಲ. ನಿನ್ನ ಕೈದೇನೂ ತಪ್ಪಿಲ್ಲ ಪುಟ್ಟಿ. ನಾನು ಅದಕ್ಕೆ ನೀರು ಹಾಕ್ತಿದ್ದೆ."

"ಯಾವಾಗ?"

"ದಿನಾ."

ಅವಳು ಚಾಕುವನ್ನು ಮೇಜಿನ ಮೇಲಿಟ್ಟಳು. "ಎಷ್ಟು ದಿನದಿಂದ?"

"ಐದು ವಾರ ಆಗಿರಬಹುದು."

ಯಂತ್ರ ನಿಂತಿತು. ಆಚೆ ಮೇಜಿನವರು ತಮ್ಮ ಪಾಡಿಗೆ ತಾವು ಕೆಲಸ ಮಾಡುವವರಂತೆ ಕಂಡರೂ ಕಿವಿ ಇತ್ತಲೇ ಇತ್ತು. ಮಗಳು ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ತಗ್ಗಿದ ದನಿಯಲ್ಲಿ ಮಾತಾಡಿದಳು.

"ಆ ಮನೆಯಲ್ಲಿ ಆರು ವರ್ಷ ಅದನ್ನೇ ಕೇಳಿಸ್ಕೊಂಡು ಬಂದೆ ಅಪ್ಪಾ. ಹಾಲು ಒಡೆದ್ರೆ ನನ್ನ ಕೈ, ಗಡಿಯಾರ ನಿಂತ್ರೆ ನನ್ನ ಕೈ. ಎರಡು ಸಲ ಬಸುರು ಇಳಿದುಹೋಯ್ತು, ಅದಕ್ಕೂ ನನ್ನ ಕೈ. ಇಲ್ಲಿ ಬಂದು ಒಂದು ಗಿಡ, ಒಂದೇ ಒಂದು ಗಿಡ ನೆಟ್ಟು ನೋಡೋಣ ಅಂದ್ಕೊಂಡೆ. ಅದೂ ಸಾಯೋಕೆ ಶುರುವಾದಾಗ, ಅವರು ಹೇಳಿದ್ದೇ ಸರಿ ಅಂತ ಒಪ್ಕೊಂಡುಬಿಟ್ಟಿದ್ದೆ."

ಎರಡು ಸಲ. ಅವನಿಗೆ ಒಂದೂ ಗೊತ್ತಿರಲಿಲ್ಲ. ಮೇಜಿನ ಅಂಚು ಹಿಡಿದುಕೊಂಡ. "ತಪ್ಪಾಯ್ತು ಕಣಮ್ಮ" ಎಂದ. ಗಿಡ ಕಿತ್ತು, ಕೊಳೆತ ಬೇರು ಕತ್ತರಿಸಿ ಮತ್ತೆ ನೆಡಬೇಕೆಂದು ನರ್ಸರಿಯಮ್ಮ ಹೇಳಿದ್ದನ್ನೂ ಒಪ್ಪಿಸಿದ.

"ನೀನೀಗ ಮನೆಗೆ ಹೋಗಪ್ಪಾ," ಎಂದಳು ಅವಳು. "ನನಗೆ ಕೆಲಸ ಇದೆ." ಮಾಸ್ಕ್ ಮೇಲೇರಿಸಿದಳು.

ದಾರಿಯುದ್ದಕ್ಕೂ ಅವನಿಗೆ ಯಾವ ಬೀದಿಯಲ್ಲಿ ನಡೆಯುತ್ತಿದ್ದೇನೆಂಬ ಪರಿವೆ ಇರಲಿಲ್ಲ. ತಾನೇ ಸಾವಿರ ಸಲ ಎತ್ತಿದ್ದ ಮುಚ್ಚಳವೊಂದನ್ನು ಎಡವಿ, ಗೋಡೆ ಹಿಡಿದು ನಿಂತ. ಮನೆಗೆ ಬಂದು ಅಡುಗೆ ಮಾಡಿದ. ರುಚಿ ನೋಡಲು ಮನಸ್ಸಾಗಲಿಲ್ಲ. ಇನ್ನು ಅವಳು ಮಾತೇ ಆಡುವುದಿಲ್ಲ, ಆ ಸೂಟ್‌ಕೇಸು ಹಿಡಿದು ಬೇರೆಲ್ಲಾದರೂ ಕೋಣೆ ಹುಡುಕಿಕೊಂಡು ಹೋಗುತ್ತಾಳೆ ಎಂದೆಲ್ಲ ಕಲ್ಪಿಸಿಕೊಂಡು, ಹೊಸ್ತಿಲಲ್ಲಿ ಶಿಕ್ಷೆಗೆ ಕಾದ ಶಾಲೆಯ ಹುಡುಗನಂತೆ ಕುಳಿತ.

ಐದು ಗಂಟೆಗೇ ಗೇಟಿನ ಸದ್ದಾಯಿತು. ಅವಳು ಚೀಲ ಕುರ್ಚಿಯ ಮೇಲೆಸೆದು, ಹಳೆಯ ಬಟ್ಟೆ ಉಟ್ಟು ಹೊರಗೆ ಬಂದಳು.

"ಗುದ್ದಲಿ ಎಲ್ಲಿ?"

ಅವನು ಚಂಗನೆ ಎದ್ದ.

ಇಬ್ಬರೂ ಸೇರಿ ಗಿಡದ ಸುತ್ತ ಅಗೆದರು. ಮಣ್ಣು ಹಿಟ್ಟು ಕಲೆಸಿದಂತೆ ಮೆತ್ತಿಕೊಂಡಿತ್ತು. ಕೊಳೆತ ವಾಸನೆ ಮೂಗಿಗೆ ಹೊಡೆಯಿತು. ಗಿಡವನ್ನು ಎತ್ತಿ ಹಳೆಯ ಗೋಣಿಯ ಮೇಲೆ ಮಲಗಿಸಿದರು. ಮಗಳು ಒಳಗಿನಿಂದ ಚೀಲ ತಂದು, ಅದರಿಂದ ಸವೆದ ಕುಂಚ, ಸಣ್ಣ ಕತ್ತರಿ, ಹಲ್ಲು ಕೆತ್ತುವ ಚಾಕು ತೆಗೆದಳು. ಲ್ಯಾಬಿನಲ್ಲಿ ಬಿಸಾಡಲು ಇಟ್ಟಿದ್ದವನ್ನು ಕೇಳಿ ತಂದಿದ್ದಳು. ಬೇರಿನ ಎಳೆ ಎಳೆಯನ್ನೂ ಕುಂಚದಿಂದ ಉಜ್ಜಿ, ಕಪ್ಪಾದದ್ದನ್ನು ಕತ್ತರಿಸಿ, ಬಿಳಿಯದ್ದನ್ನು ಉಳಿಸುತ್ತ ಹೋದಳು. ಕಾಲು ಭಾಗವೂ ಉಳಿಯಲಿಲ್ಲ.

"ಇಷ್ಟು ಸಾಕಾಗುತ್ತಾ?" ಎಂದ ಅವನು.

"ಬೇರು ಗಟ್ಟಿ ಇದೆ. ಕಡಿಮೆ ಇದೆ, ಆದ್ರೆ ಗಟ್ಟಿ ಇದೆ."

ಈಗ ಅವನ ಸರದಿ. ನೀರು ಎಲ್ಲಿಂದ ಬರುತ್ತದೆ ಎಂಬುದರಷ್ಟೇ ಚೆನ್ನಾಗಿ ಎಲ್ಲಿ ಹೋಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಗುಂಡಿಯ ತಳಕ್ಕೆ ಒಡೆದ ಹಂಚು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಮರಳು ಬೆರೆಸಿದ ಮಣ್ಣು. ಗೋಡೆಯ ಕಡೆಯಿಂದ ಇಳಿಜಾರಾಗಿ ಒಂದು ಸಣ್ಣ ಕಾಲುವೆ ತೆಗೆದು, ಕಣ್ಣಳತೆಯಲ್ಲೇ ನೀರು ಹರಿಯುವ ವಾಟ ನೋಡಿದ. ಮೊಣಕಾಲೆತ್ತರದ ದಿಬ್ಬ ಎದ್ದಿತು. ಮಗಳು ಗಿಡ ಹಿಡಿದಳು, ಅವನು ಮಣ್ಣು ತುಂಬಿದ.

"ಒಳ್ಳೆ ಕೆಲಸಗಾರ ನೀನು," ಎಂದಳು ಮಗಳು, ಕೈ ಕೊಡವಿಕೊಳ್ಳುತ್ತ. "ಆದ್ರೆ ಇನ್ನು ಒಂದು ಹನಿ ಹಾಕಿದ್ರೆ ನೋಡು, ನಲ್ಲಿ ಕಿತ್ತು ನನ್ನ ಕೋಣೆಯಲ್ಲಿ ಇಟ್ಕೋತೀನಿ."

"ಇಲ್ಲ ತಾಯಿ."

"ಮತ್ತೆ ಇನ್ನೊಂದು. ಊಟ ಆಯ್ತಾ ಅಂತ ದಿನಕ್ಕೆ ಏಳು ಸಲ ಕೇಳ್ತೀಯ. ಹಸಿವಾದ್ರೆ ನಾನೇ ಹೇಳ್ತೀನಿ. ನಾನು ಹೇಳದೇ ಇದ್ರೆ ನನಗೆ ಹಸಿವಿಲ್ಲ ಅಂತ. ಗೊತ್ತಾಯ್ತಾ?"

"ಗೊತ್ತಾಯ್ತು."

ಅವಳು ಅವನ ಮುಖದ ಮೇಲಿನ ಮಣ್ಣನ್ನು ತನ್ನ ಮೊಣಕೈಯಿಂದ ಒರೆಸಿದಳು. ಮೊಣಕೈಯಲ್ಲೂ ಮಣ್ಣಿತ್ತು, ಮುಖ ಇನ್ನಷ್ಟು ಕೆಟ್ಟಿತು.

ಆಮೇಲಿನ ದಿನಗಳು ಅವನ ಪಾಲಿಗೆ ಕಷ್ಟದವು. ವಾರದೊಳಗೆ ಉಳಿದ ಎಲೆಗಳೂ ಉದುರಿ, ದಿಬ್ಬದ ಮೇಲೆ ನಾಲ್ಕು ಒಣಕಡ್ಡಿ ನೆಟ್ಟಂತಾಯಿತು. ನೋಡಿದರೆ ಕೈ ಸುಮ್ಮನಿರುತ್ತಿರಲಿಲ್ಲ. ಮನೆಯಲ್ಲಿದ್ದರೆ ತಾನು ಮತ್ತೆ ಕಳ್ಳನಾಗುತ್ತೇನೆಂದು ಹೆದರಿ, ಒಂದು ಬೆಳಿಗ್ಗೆ ನರ್ಸರಿಗೆ ಹೋಗಿ, "ಕಿತ್ತು ನೆಟ್ಟಿದ್ದೀವಮ್ಮ. ಈಗ ಏನು ಮಾಡೋದು?" ಎಂದ.

"ಏನೂ ಮಾಡದೇ ಇರೋದು," ಎಂದಳು ನರ್ಸರಿಯಮ್ಮ. "ಅದೇ ಕಷ್ಟದ ಕೆಲಸ."

ಅಲ್ಲೇ ಒಂದು ಪೈಪಿನ ಜೋಡಣೆ ಸೋರುತ್ತಿತ್ತು. ಮಾತಾಡುತ್ತಲೇ ಅವನು ಅದನ್ನು ಬಿಚ್ಚಿ, ವಾಷರ್ ತಿರುವಿ ಹಾಕಿ, ಬಿಗಿ ಮಾಡಿದ. ಮರುದಿನ ಇನ್ನೊಂದನ್ನು ಸರಿಮಾಡಲು ಹೋದ. ಮೂರನೆಯ ದಿನದಿಂದ ಬೆಳಗಿನ ಎರಡು ಗಂಟೆ ಅಲ್ಲಿನ ಸಸಿಗಳಿಗೆ ನೀರು ಹಾಕುವುದು ಅವನ ಪಾಲಿಗೇ ಬಂತು. ಬಾಯಾರಿದ ಸಾವಿರಾರು ಸಸಿಗಳು, ಬಾಳೆ, ಜರಿಗಿಡ, ತರಕಾರಿ ಪಾತಿಗಳು. "ಪಕ್ಕದ ಮನೆಯವರೇ, ಆ ಕಳ್ಳಿಗಳ ಹತ್ತಿರ ಮಾತ್ರ ಹೋಗಬೇಡಿ!" ಎಂದು ನರ್ಸರಿಯಮ್ಮ ದಿನವೂ ಕೂಗುವಳು. ಅವನು ದಿನವೂ ನಾಚುವನು.

ಮನೆಯಲ್ಲಿ ಅವನು ಬಾಯಿ ಕಟ್ಟಿಕೊಂಡ. ಸಂಜೆ ಅವಳು ಬಂದಾಗ "ಊಟ—" ಎಂದು ಬಾಯಿ ತೆರೆದು, "ಊಟದ ಮೇಜು ಒರೆಸಿದ್ದೀನಿ" ಎಂದು ತಿರುಗಿಸಿದ್ದೂ ಉಂಟು. ಅವಳಿಗೆ ಗೊತ್ತಾಗಿ ಮೂಗಿನಲ್ಲೇ ನಕ್ಕಳು. ಆಶ್ಚರ್ಯವೆಂದರೆ, ಅವನು ಕೇಳುವುದನ್ನು ನಿಲ್ಲಿಸಿದ ಮೇಲೆ ಅವಳೇ ಒಂದೊಂದು ಹೇಳತೊಡಗಿದಳು. ಲ್ಯಾಬಿಗೆ ಬಂದ ಅಜ್ಜನೊಬ್ಬ ಹೊಸ ಹಲ್ಲು ಹಾಕಿಕೊಂಡು ಸಿಳ್ಳೆ ಹೊಡೆಯಲಾಗದೆ ಜಗಳ ತೆಗೆದದ್ದು. ಎರಡು ದವಡೆ ಅದಲುಬದಲಾದದ್ದು.

ಐದು ವಾರ ಕಳೆದವು. ಒಂದು ನಸುಕಿನಲ್ಲಿ, ನರ್ಸರಿಗೆ ಹೊರಡುವ ಮುನ್ನ ಅವನು ಅಭ್ಯಾಸಬಲದಿಂದ ದಿಬ್ಬದ ಕಡೆ ನೋಡಿದ. ಬುಡದಿಂದ ಒಂದು ಗೇಣು ಮೇಲೆ, ಕಡ್ಡಿಯ ಮೈಯಲ್ಲಿ ಸಾಸಿವೆ ಕಾಳಿನಷ್ಟು ಏನೋ ಇತ್ತು. ಕನ್ನಡಕ ಹಾಕಿಕೊಂಡು ಬಂದು ಬಗ್ಗಿದ. ಚಿಗುರು. ಕಡುಗೆಂಪು ನೇರಳೆ.

ಮಗಳನ್ನು ಕೂಗಲು ಬಾಯಿ ತೆರೆದವನು, ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ಇದು ಅವಳ ಗಿಡ. ಇದನ್ನು ಮೊದಲು ಕಾಣಬೇಕಾದ ಕಣ್ಣು ಅವಳದು. ಸದ್ದಾಗದಂತೆ ಗೇಟು ತೆರೆದು ಹೊರಗೆ ಬಂದವನು ನರ್ಸರಿಯ ತನಕ ಹೆಚ್ಚುಕಡಿಮೆ ಓಡಿದ. ಅಲ್ಲಿ ನರ್ಸರಿಯಮ್ಮನಿಗೂ ಹೇಳಲಿಲ್ಲ. ಆ ದಿನ ಅವನು ಕಳ್ಳಿಗಳಿಗೂ ನೀರು ಹಾಕಿ ಬೈಸಿಕೊಂಡ.

ಒಂದು ದಿನವಲ್ಲ, ಮೂರು ದಿನ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ. ಅವಳಿಗೆ ಕೆಲಸದ ಒತ್ತಡ, ಹಿತ್ತಲಿಗೆ ಬರುತ್ತಲೇ ಇರಲಿಲ್ಲ. ಒಣಗಿದ ಬಟ್ಟೆ ತರಲು ಅವಳನ್ನೇ ಕಳಿಸಿ ನೋಡಿದ; ಅವಳು ಬಟ್ಟೆ ಎಳೆದುಕೊಂಡು ಫೋನಿನಲ್ಲಿ ಮಾತಾಡುತ್ತ ಒಳಗೆ ಬಂದಳು. ಅವನಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ನಾಲ್ಕನೆಯ ದಿನ ಭಾನುವಾರ. ಅವನು ಒಳಗೆ ಈರುಳ್ಳಿ ಹೆಚ್ಚುತ್ತಿದ್ದಾಗ ಹಿತ್ತಲಿನಿಂದ ಕೂಗು ಕೇಳಿತು.

"ಅಪ್ಪಾ! ಅಪ್ಪಾ, ಬೇಗ ಬಾ!"

ಚಾಕು ಹಿಡಿದೇ ಓಡಿದ. ಅವಳು ದಿಬ್ಬದ ಮುಂದೆ ಮಂಡಿಯೂರಿದ್ದಳು. ಚಿಗುರು ಈಗ ಒಂದಲ್ಲ, ಆರು. ಮೊದಲಿನದು ಅಕ್ಕಿಕಾಳಿನಷ್ಟು ಉದ್ದವಾಗಿ, ಎರಡೆಲೆಯಾಗಿ ಬಿಡಿಸಿಕೊಂಡಿತ್ತು.

"ಅಯ್ಯೋ! ಇದೇನಿದು! ಯಾವಾಗ ಬಂತು!" ಎಂದು ನೀರಪ್ಪ ಬಾಯಿ ಮೇಲೆ ಕೈಯಿಟ್ಟುಕೊಂಡ. ಅಷ್ಟು ಕೆಟ್ಟದಾಗಿ ಯಾರೂ ಯಾವ ಜನ್ಮದಲ್ಲೂ ನಟಿಸಿರಲಾರರು.

ಅವಳು ಕಣ್ಣು ಕಿರಿದಾಗಿಸಿ ನೋಡಿದಳು. "ನಿನಗೆ ಮೊದಲೇ ಗೊತ್ತಿತ್ತು."

"ಇಲ್ಲವಲ್ಲ."

"ಎಷ್ಟು ದಿನದಿಂದ?"

ಅವನು ಈರುಳ್ಳಿಯ ನೆಪದಲ್ಲಿ ಕಣ್ಣೊರೆಸಿಕೊಂಡ. ಅವಳು ಮತ್ತೆ ಕೇಳಲಿಲ್ಲ. ಕೈ ಚಾಚಿ ಅವನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ನಕ್ಕಳು. ನಗುತ್ತ ನಗುತ್ತಲೇ ಅವಳಿಗೆ ಅಳು ಬಂತು. ಆ ಮನೆಯಿಂದ ಬಂದ ಮೇಲೆ ಮೊದಲ ಸಲ, ಗದ್ದಲ ಮಾಡಿ, ಮೂಗು ಸುರಿಸಿ ಅತ್ತಳು. ಅವನು ಬೆನ್ನು ಸವರಲು ಎತ್ತಿದ ಕೈಯನ್ನು ಒಂದು ಕ್ಷಣ ಗಾಳಿಯಲ್ಲೇ ನಿಲ್ಲಿಸಿದ. ಅವಳೇ ಅವನ ಭುಜಕ್ಕೆ ತಲೆಯೊರಗಿಸಿದಳು. ಆಗ ಸವರಿದ.

ಅತ್ತು ಮುಗಿದ ಮೇಲೆ ಅವಳು ಮಾತಾಡತೊಡಗಿದಳು. ಆ ಎರಡು ಬಸುರಿನಲ್ಲಿ ಮೊದಲನೆಯದು ಎಷ್ಟನೇ ತಿಂಗಳಲ್ಲಿ ಹೋಯಿತು, ಎರಡನೆಯದಕ್ಕೆ ತಾನು ಯಾವ ಹೆಸರು ಯೋಚಿಸಿಟ್ಟಿದ್ದೆ, ಆ ದಿನ ಯಾರು ಏನೆಂದರು ಎಂಬುದನ್ನೆಲ್ಲ ಹಿಂದೆ ಮುಂದೆ ಮಾಡಿ, ನಡುವೆ ನಿಲ್ಲಿಸಿ, ಮತ್ತೆ ಎತ್ತಿಕೊಂಡು ಹೇಳಿದಳು. ಅವನು ನಡುವೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಬಿಸಿಲು ಏರಿ ಅವಳ ಮುಖಕ್ಕೆ ಬಿದ್ದಾಗ, ತಾನು ಅತ್ತ ಸರಿದು ಕುಳಿತು, ಅವಳ ಮೇಲೆ ನೆರಳು ಬೀಳುವಂತೆ ಮಾಡಿದ.